ಕಾಶವ್ವನ ಬಾಣಂತನ

ಖಾನಾಪುರದ ಆ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ಕರೆ ದವಾಖಾನೆಗೆ, ಎರಡನೆಯದು ಕಾಶವ್ವನಿಗೆ. ಈ ಕ್ರಮವನ್ನು ಅದಲುಬದಲು ಮಾಡಿದ ಮನೆಗಳೂ ಉಂಟು. ಅಂಟಿನ ಉಂಡಿ ಕಟ್ಟುವುದರಲ್ಲಾಗಲಿ, ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು ಬೆನ್ನು ಕಾಸುವುದರಲ್ಲಾಗಲಿ ಅವಳನ್ನು ಮೀರಿಸುವವರಿಲ್ಲ ಎಂದು ಓಣಿಯವರು ಹೇಳುತ್ತಿದ್ದರು. ಓಣಿಯವರು ಮರೆತ ದಿನ ಕಾಶವ್ವ ತಾನೇ ನೆನಪಿಸುತ್ತಿದ್ದಳು.

ಅಂಥವಳ ಸ್ವಂತ ಮಗಳು ಸಮೃದ್ಧಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕೇಳಬೇಕೆ? ಸಮೃದ್ಧಿಯ ಗಂಡನ ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ಹುಡುಗಿ ಮಾತಿನ ಮಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಮಾತಾಡಿ, ಸಂಜೆ ಅವ್ವನಿಗೆ ಫೋನು ಹಚ್ಚಿ ಉಳಿದದ್ದನ್ನು ಮುಗಿಸುವವಳು. ಹೆಣ್ಣು ಕೂಸು ಹುಟ್ಟಿತು. ಕೂಸು ಗುಂಡುಗುಂಡಾಗಿತ್ತು. ಕಾಶವ್ವ ಸೆರಗು ಸಿಕ್ಕಿಸಿ ಕೆಲಸಕ್ಕಿಳಿದಳು.

ಅವಳ ಕಟ್ಟಳೆಗಳು ಬಲು ಗಟ್ಟಿ. ಕಿಟಕಿ ತೆಗೆಯುವಂತಿಲ್ಲ, ಗಾಳಿ ಸೇರುತ್ತದೆ. ಕಿವಿಗೆ ಕಟ್ಟಿದ ಬಟ್ಟೆ ಬಿಚ್ಚುವಂತಿಲ್ಲ. ಬಾಣಂತಿಯ ಕಣ್ಣಿಗೆ ಮೊಬೈಲು ಕೆಡುಕು, ಹಾಗಾಗಿ ಅದು ಕಾಶವ್ವನ ಟ್ರಂಕು ಸೇರಿತು. ಹೆಚ್ಚು ಮಾತಾಡಿದರೆ ಶಕ್ತಿ ಸೋರುತ್ತದೆ, ಹಾಗಾಗಿ ಭಾನುವಾರ ಬಂದ ಅಳಿಯ ಓಂಕಾರ ಬಾಗಿಲಲ್ಲಿ ನಿಂತು ಹೆಂಡತಿಯ ಮುಖ ನೋಡಿ, ಚಹಾ ಕುಡಿದು ಹೊರಡಬೇಕು. ಮೂರು ತಿಂಗಳು ಹೊಸ್ತಿಲು ದಾಟುವ ಮಾತೇ ಇಲ್ಲ. ಇದೆಲ್ಲ ಪ್ರೀತಿಯಿಂದಲೇ. ಪ್ರೀತಿ ಇಲ್ಲದಿದ್ದರೆ ಅಷ್ಟೊಂದು ಕೆಂಡ ಯಾರು ಹೊರುತ್ತಾರೆ?

ತಿಂಗಳು ತುಂಬುವಷ್ಟರಲ್ಲಿ ಸಮೃದ್ಧಿ ಮಾತು ಬಿಟ್ಟಳು. ಊಟವೂ ಕಡಿಮೆಯಾಯಿತು. ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಇಲ್ಲ. ಹಾಲು ಕುಡಿಸುವಾಗ ಕೂಸಿನ ಮುಖ ಬಿಟ್ಟು ಗೋಡೆ ನೋಡುತ್ತಿದ್ದಳು. ಕಾಶವ್ವನಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನಷ್ಟು ಮಾಡುವುದು. ಒಂದು ಉಂಡಿ ಎರಡಾಯಿತು, ಕೆಂಡ ಹೆಚ್ಚಿತು, ಹೊದಿಕೆಯ ಮೇಲೆ ಹೊದಿಕೆ ಬಿತ್ತು. ಕೊನೆಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಬರಬಾರದು. ಬಂದ ಘಾಟಿಗೆ ಅಂಗಳದಲ್ಲಿ ಕೂತಿದ್ದ ಗಂಡ ದುಂಡಪ್ಪನೂ ಕೆಮ್ಮಿದ. ಅಲ್ಲಿಗೆ ದೃಷ್ಟಿಯೂ ಅಲ್ಲ ಅಂತಾಯಿತು.

ಒಂದು ಮಧ್ಯಾಹ್ನ ಕೂಸು ಚೀರುವುದು ಕೇಳಿ ಕಾಶವ್ವ ಓಡಿಬಂದರೆ ಸಮೃದ್ಧಿ ಪಕ್ಕದಲ್ಲೇ ಕೂತಿದ್ದಳು. ಕೈ ಮಾತ್ರ ಚಾಚಿರಲಿಲ್ಲ.

“ಇಷ್ಟ ಅಳಾಕತ್ತೈತಿ, ಎತ್ಕೋಬಾರ್ದೇನ?” ಕಾಶವ್ವ ಗದರಿದಳು.

“ನೀನ ಎತ್ಕೋಬೇ. ನಿನ್ನ ಕೂಸದು.”

“ಎಂಥಾ ಮಾತಾಡ್ತಿ?”

“ಖರೇ ಹೇಳಾಕತ್ತೇನಿ. ಎಲ್ಲಾರೂ ಅದನ್ನ ನೋಡಿ ನಗ್ತಾರ. ನಂಗ ಏನೂ ಅನಸವಲ್ತು. ಹೆದರಿಕಿ ಅಷ್ಟ ಬರ್ತೈತಿ. ನಾ ಇಲ್ದಿದ್ರನ ಅದಕ್ಕ ಚೊಲೋ ಅನಸ್ತೈತಿ.”

ಓಣಿಯ ಎಷ್ಟೋ ಬಾಣಂತಿಯರ ಬೆನ್ನು, ಸೊಂಟ, ಹೊಟ್ಟೆಯ ಸಮಾಚಾರ ಕೇಳಿದವಳು ಕಾಶವ್ವ. ಮನಸ್ಸು ಹೇಗಿದೆ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ನುಂಗಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಮಗಳ ಬಾಜು ಕೂತಳು.

“ಎಂದಿನಿಂದ ಹಿಂಗ ಅನಸಾಕತ್ತೈತವಾ?”

“ಭಾಳ ದಿನಾ ಆತು. ಹೇಳಿದ್ರ ಬೈತಿ ಅಂತ ಸುಮ್ಮನಿದ್ದೆ.”

“ಜೀವಕ್ಕೇನರೆ ಮಾಡ್ಕೋಬೇಕು ಅನಸೈತೇನ?” ಉತ್ತರ ಏನು ಬಂದೀತೋ ಎಂಬ ಹೆದರಿಕೆ ಕಾಶವ್ವನಿಗೆ. ಆದರೂ ಕೇಳಿದಳು.

“ಎಲ್ಲೆರೆ ಹೋಗಿಬಿಡಬೇಕು ಅನಸ್ತೈತಿ. ಎಲ್ಲಿಗಿ ಅಂತ ಗೊತ್ತಿಲ್ಲ.”

ಕಾಶವ್ವ ಅಲ್ಲಿಂದಲೇ ಗಂಡನನ್ನು ಕೂಗಿ, ಟ್ರಂಕಿನಲ್ಲಿದ್ದ ಮೊಬೈಲು ತರಿಸಿ ಅಳಿಯನಿಗೆ ಹಚ್ಚಿದಳು. “ಓಂಕಾರಪ್ಪಾ, ಗಾಡಿ ತೊಗೊಂಡು ಬರ್ರಿ. ಆಕಿನ್ನ ಡಾಕ್ಟರ್ ಕಡೆ ಕರ್ಕೊಂಡು ಹೋಗೂಣು. ಮನಸಿನ ಡಾಕ್ಟರ್ ಕಡೆ.”

ಓಂಕಾರ ಹೆಚ್ಚು ಕೇಳಲಿಲ್ಲ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿರುವ ಒಬ್ಬ ಡಾಕ್ಟರಮ್ಮನ ಹೆಸರನ್ನು ಅವನು ಮೊದಲೇ ವಿಚಾರಿಸಿಟ್ಟಿದ್ದ. ಅತ್ತೆಯ ಮುಂದೆ ಬಾಯಿ ಬಿಡುವ ಧೈರ್ಯವಾಗಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಗಾಡಿ ಬಂದು ನಿಂತಾಗ ಬಾಜೂ ಮನೆಯ ಲಕ್ಷ್ಮೀ ಬಾಗಿಲಿಗೆ ಬಂದಳು. ಅವಳ ಎರಡು ಬಾಣಂತನವನ್ನೂ ಕಾಶವ್ವನೇ ಮಾಡಿದ್ದಳು.

“ಅಕ್ಕಾ, ಇನ್ನೂ ಎರಡ ತಿಂಗಳಾಗಿಲ್ಲ. ಹೊಸ್ತಲಾ ದಾಟಸ್ತೀರಿ? ನನಗ ಅಂಗಳಕ್ಕೂ ಬಿಟ್ಟಿರಲಿಲ್ಲ ನೀವು.”

“ಬಿಟ್ಟಿರಲಿಲ್ಲ, ಖರೇ.”

“ಅದೂ ತಲಿ ಕೆಟ್ಟವರ ಡಾಕ್ಟರ್ ಕಡೆ ಅಂತ. ನಾಕ ಮಂದಿ ಏನಂದಾರು?”

ಆ ನಾಲ್ಕು ಮಂದಿಯಲ್ಲಿ ಮೊದಲನೆಯವಳು ತಾನೇ ಎಂಬುದು ಕಾಶವ್ವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಮನೆಯವರು ಹೀಗೆ ಮಾಡಿದ್ದರೆ ಕಟ್ಟೆಯ ಮೇಲೆ ಕೂತು ಮಾತಿಗೆ ಒಗ್ಗರಣೆ ಹಾಕುತ್ತಿದ್ದವಳೂ ಅವಳೇ.

“ಜ್ವರ ಬಂದಿದ್ರ ಒಯ್ತಿದ್ದಿಲ್ಲೇನ ಲಕ್ಷ್ಮೀ? ಇದೂ ಹಂಗ. ಅನ್ನೂದು ಏನರೆ ಇದ್ರ ನನ್ನ ಮುಂದ ಬಂದು ಅನ್ನಲಿ” ಎಂದು ಮಗಳ ಕೈ ಹಿಡಿದು ಹೊಸ್ತಿಲು ದಾಟಿಸಿದಳು.

ಕ್ಯಾಂಪಿನ ಡಾಕ್ಟರ್ ಪೂರ್ಣಿಮಾ ಮೆಲ್ಲನೆಯ ಮಾತಿನವರು. ನಿದ್ದೆ ಬರುತ್ತದೆಯೇ ಎಂದು ಸಮೃದ್ಧಿಯನ್ನು ಕೇಳಿದರೆ “ಎಲ್ಲಿ ನಿದ್ದಿರೀ” ಎಂದು ಉತ್ತರಿಸಿದವಳು ಕಾಶವ್ವ. ಊಟದ ಪ್ರಶ್ನೆಗೂ ಅವಳದೇ ಉತ್ತರ.

“ಅಮ್ಮಾರ, ಕೂಸನ್ನ ತೊಗೊಂಡು ಸ್ವಲ್ಪ ಹೊರಗ ಕುಂದರ್ರಿ” ಎಂದರು ಡಾಕ್ಟರು.

ಕಾಶವ್ವನ ಜನ್ಮದಲ್ಲಿ ಬಾಣಂತಿಯ ಕೋಣೆಯಿಂದ ಅವಳನ್ನು ಹೊರಗೆ ಕಳಿಸಿದವರಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಬೆಂಚಿನ ಮೇಲೆ ಅಳಿಯನ ಪಕ್ಕ ಕೂತಳು. ತಿರುಗಿ ಒಳಗೆ ಕರೆದಾಗ ಮಗಳ ಕಣ್ಣು ಕೆಂಪಾಗಿದ್ದವು, ಆದರೆ ಅವಳು ಮಾತಾಡುತ್ತಿದ್ದಳು.

“ಹೆರಿಗಿ ಆದ ಮ್ಯಾಲ ಇದು ಭಾಳ ಮಂದಿಗೆ ಬರ್ತದ್ರಿ” ಎಂದರು ಡಾಕ್ಟರು. “ಇವರು ಕೆಟ್ಟ ತಾಯಿ ಅಲ್ಲ. ನಿಮ್ಮ ಬಾಣಂತನದಿಂದ ಬಂದದ್ದೂ ಅಲ್ಲ. ಹಾಲು ಕುಡಿಸೋರಿಗೆ ನಡಿಯೂ ಗುಳಿಗಿ ಕೊಟ್ಟೀನಿ. ವಾರಾ ವಾರಾ ಮಾತಾಡಾಕ ಬರ್ರಿ. ಗುಣಾ ಆಗ್ತದ, ಆದ್ರ ಸಾವಕಾಶ. ಒಬ್ಬಾಕಿನ್ನ ಬಿಡಬ್ಯಾಡ್ರಿ. ನಿದ್ದಿ ಆಗಲಿ, ಬೆಳಕು ಗಾಳಿ ಬರಲಿ, ಮಂದಿ ಜೋಡಿ ಮಾತಾಡಲಿ.”

“ಮತ್ತ ಉಂಡಿ?” ಕಾಶವ್ವ ಸೋಲು ಒಪ್ಪುವವಳಲ್ಲ.

“ತಿನ್ನಲಿ. ಒಂದ ಸಾಕು.”

ಓಂಕಾರ ರಜೆ ಹಾಕಿ ಖಾನಾಪುರಕ್ಕೇ ಬಂದುಳಿದ. ಕೂಸು ಎದ್ದಾಗ ಅವನೇ ಎತ್ತಿ ತೂಗಿದ. ಕಿಟಕಿ ತೆರೆಯಿತು, ಶೇಗಡಿ ಅಡುಗೆಮನೆಗೆ ಹೋಯಿತು. ಒಂದು ದಿನ ಲಕ್ಷ್ಮೀ ಬಂದು ಸಮೃದ್ಧಿಯ ಕಾಲ ಬಳಿ ಕೂತು, “ನನಗೂ ಎರಡನೇದಕ್ಕ ಹಿಂಗ ಆಗಿತ್ತವಾ. ನಿಮ್ಮವ್ವಗ ಹೆದರಿ ಬಾಯಿ ಬಿಡಲಿಲ್ಲ” ಎಂದಳು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಕಾಶವ್ವನಿಗೆ ಅದು ನಾಟಿತು. ಚಹಾ ಕೆಳಗಿಟ್ಟು ಲಕ್ಷ್ಮೀಯ ಬೆನ್ನು ಸವರಿದಳು.

ಗುಳಿಗೆ ಮಂತ್ರವಲ್ಲ. ಮೊದಲ ವಾರಗಳಲ್ಲಿ ಏನೂ ಕಾಣಲಿಲ್ಲ. ಸಮೃದ್ಧಿ ಒಂದು ದಿನ ನಕ್ಕರೆ ಎರಡು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಮಗಳು ತಾನಾಗಿ ಬ್ಯಾಂಕಿನ ಗೆಳತಿ ಸಾಕ್ಷಿಗೆ ಫೋನು ಮಾಡಿದಳು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದಳು. ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ಆದರೆ ಬೇರೆಯವರ ಮನೆಯ ಸಾಮಾನು ಹಿಡಿದಂತೆ. ಅದನ್ನು ತನ್ನದು ಎಂದು ಎತ್ತಿಕೊಳ್ಳುವ ದಿನವೊಂದಕ್ಕೇ ಕಾಶವ್ವ ಕಾಯುತ್ತಿದ್ದಳು. ಕೇಳಿದರೆ ಎಲ್ಲಿ ಮಗಳ ಜೀವಕ್ಕೆ ಭಾರವಾದೀತೋ ಎಂದು ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಎಷ್ಟು ಕಷ್ಟವೆಂದು ದುಂಡಪ್ಪನಿಗೆ ಗೊತ್ತು.

ಒಂದು ಬೆಳಿಗ್ಗೆ ಕಾಶವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ನೀರೆರೆಯುತ್ತಿದ್ದಳು. ಸಮೃದ್ಧಿ ಬಾಗಿಲಿಗೆ ಬಂದು ನಿಂತಳು.

“ನೀರು ಭಾಳ ಬಿಸಿ ಆತಬೇ.”

“ಇಷ್ಟರೆ ಬ್ಯಾಡೇನ? ಇಡೀ ಓಣಿ ಕೂಸುಗಳಿಗಿ ಇಂಥಾ ನೀರ ಹಾಕೇನಿ.”

“ಓಣಿ ಕೂಸುಗಳಿಗಿ ಏನರೆ ಹಾಕು. ನನ್ನ ಮಗಳ ಮೈ ನೋಡು, ಹೆಂಗ ಕೆಂಪಾಗೈತಿ. ನಿಂಗ ಒಂದೀಟರೆ ತಿಳಿಯೂದಿಲ್ಲೇನ? ಕೊಡಿಲ್ಲಿ.”

ಕಾಶವ್ವ ಎರೆದ ನೀರಿನಲ್ಲಿ ಆವತ್ತಿನವರೆಗೆ ಯಾರೂ ತಪ್ಪು ಹುಡುಕಿರಲಿಲ್ಲ. ಅವಳು ಕೂಸನ್ನು ಕೊಟ್ಟು ಎದ್ದಳು. ಮಗಳು ಕಾಲು ಚಾಚಿ ಕೂತ ರೀತಿ ಸರಿ ಇರಲಿಲ್ಲ. ಕಾಶವ್ವ ತಿದ್ದಲಿಲ್ಲ. ತಣ್ಣೀರಿಗೆಂದು ಕೊಡ ಹಿಡಿದು ಅಂಗಳಕ್ಕೆ ಬಂದಳು. ನಳದ ಕೆಳಗೆ ಕೊಡ ತುಂಬಿ ಹರಿಯುತ್ತಿದ್ದರೂ ಎತ್ತಲಿಲ್ಲ.

“ಏನಾತ? ಯಾಕ ಅಳಾಕತ್ತಿ?” ದುಂಡಪ್ಪ ಗಾಬರಿಯಿಂದ ಎದ್ದು ಬಂದ.

“ನಿಮ್ಮ ಮಗಳು ಬೈದ್ಲರಿ” ಎಂದಳು ಕಾಶವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ.