ಬದಲಿಯಣ್ಣ

ಮನೆಗೆ ತಂದು ಮಲಗಿಸಿದ ಗಂಡನ ಬೂಟು ಎಳೆದರೂ ಬಾರದಿದ್ದಾಗ ಅವಳು ಕತ್ತರಿ ತರಿಸಿದಳು. ಕಾಲು ಅಷ್ಟು ಊದಿತ್ತು. ಸತತ ಮೂರನೇ ಪಾಳಿಯಲ್ಲಿ, ಠಾಣೆಯ ಬೆಂಚಿನ ಮೇಲೆ ಕುಳಿತಲ್ಲೇ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಅವನು ತಲೆ ವಾಲಿಸಿದ್ದ. ಪಾಪ, ನಿದ್ದೆ ಹತ್ತಿರಬೇಕು ಎಂದು ಯಾರೂ ಎಬ್ಬಿಸಿರಲಿಲ್ಲ; ಕೊನೆಗೆ ಮುಟ್ಟಿದಾಗ ಮೈ ತಣ್ಣಗಾಗಿತ್ತು.

"ಬಿಡಿ ಅಕ್ಕಾ, ನಾನು ಬಿಚ್ತೀನಿ," ಎಂದು ಠಾಣೆಯ ಜೀಪ್ ಡ್ರೈವರ್ ಮಂಡಿಯೂರಿದ. "ಬದಲಿಯಣ್ಣ ಯಾವಾಗ್ಲೂ ಎರಡೆರಡು ಗಂಟು ಹಾಕ್ತಿದ್ರು."

"ಯಾರು?"

ಡ್ರೈವರ್ ನಾಲಿಗೆ ಕಚ್ಚಿಕೊಂಡ. "ಠಾಣೇಲಿ ಹಾಗೇ ಕರೀತಿದ್ವಿ. ನಮ್ಮಲ್ಲಿ ರಜಾ ಬೇಕಂದ್ರೆ ಬದಲಿಗೆ ಒಬ್ಬನ್ನ ನಿಲ್ಸಿ ಹೋಗ್ಬೇಕು. ಇರೋ ಜನಾನೇ ಅರ್ಧ. ಅಣ್ಣ ಒಬ್ರು ಯಾರಿಗೂ ಇಲ್ಲ ಅಂತಿರ್ಲಿಲ್ಲ."

ಕತ್ತರಿ ಹಿಡಿದ ಅವಳ ಕೈ ಹಾಗೇ ನಿಂತಿತು. ಸಾಹೇಬರು ರಜಾ ಕೊಡಲಿಲ್ಲ ಎಂದು ಅವನು ಹೇಳಿದ್ದನ್ನೆಲ್ಲ ಇಷ್ಟು ವರ್ಷ ಕಣ್ಣು ಮುಚ್ಚಿ ನಂಬಿದ್ದಳು.

*

ಅವಳ ಹೊಟ್ಟೆಯ ಆಪರೇಷನ್ನಿಗೆ ಅವನು ಬಂದದ್ದು ಎಲ್ಲ ಮುಗಿದ ಮೇಲೆ, ಯೂನಿಫಾರ್ಮಿನಲ್ಲೇ. ಸ್ಟೂಲಿನ ಮೇಲೆ ಕುಳಿತವನು ಗೊರಕೆ ಹೊಡೆಯತೊಡಗಿದ. "ಪೇಷೆಂಟ್ ಯಾರಮ್ಮಾ, ನೀವಾ, ಇವರಾ?" ಎಂದು ನರ್ಸು ನಕ್ಕಿದ್ದಳು.

ಎಚ್ಚರವಾದಾಗ ಅವನು, "ಸಾಹೇಬ್ರು ಬಿಡ್ಲಿಲ್ಲ ಕಣೇ," ಎಂದ. ಅವಳು ಸಾಹೇಬರಿಗೆ ಬಾಯ್ತುಂಬ ಶಾಪ ಹಾಕಿ, ಹೊಲಿಗೆಯ ನೋವಿನಲ್ಲೇ ಪಕ್ಕಕ್ಕೆ ಸರಿದು ಅವನಿಗೆ ತಲೆ ಇಡಲು ಜಾಗ ಕೊಟ್ಟಿದ್ದಳು.

*

"ನನ್ನ ಆಪರೇಷನ್ ದಿನ ಯಾರ ಬದಲು ನಿಂತಿದ್ರು?"

ಡ್ರೈವರ್ ತಲೆ ಎತ್ತಲಿಲ್ಲ. "ನನ್ನ ಬದಲು. ಮಗು ಹುಟ್ಟಿತ್ತು. ನಿಮ್ ಆಪರೇಷನ್ ವಿಷ್ಯ ಅಣ್ಣ ಬಾಯೇ ಬಿಡ್ಲಿಲ್ಲ ಅಕ್ಕಾ, ಆಮೇಲೆ ಗೊತ್ತಾಯ್ತು."

ಸತ್ತವನ ಮೇಲೆ ಅವಳಿಗೆ ಮೈ ಉರಿಯುವಷ್ಟು ಸಿಟ್ಟು ಬಂತು. ಎಲ್ಲರಿಗೂ ಹೂಂ ಎಂದವನು ಮನೆಯಲ್ಲಿ ಮಾತ್ರ ನೆಪ ಹೇಳಿದ್ದ. ಆದರೂ ಅವಳು ಬೂಟನ್ನು ಕತ್ತರಿಸಿದಳು, ಪಾದಕ್ಕೆ ತಾಗದಂತೆ ನಿಧಾನವಾಗಿ.

"ಠಾಣೆಯೋರೆಲ್ಲ ಎಲ್ಲಿ? ಹೊರೋಕೆ ನೀನೊಬ್ನೇನಾ?"

"ಡ್ಯೂಟಿ ಬಿಟ್ಟು ಹೆಂಗೆ ಬರ್ತಾರೆ ಅಕ್ಕಾ? ಬದಲಿಗೆ ನಿಲ್ತಿದ್ದೋರು ಇವರೇ ಅಲ್ವಾ."

ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. "ಜನ ಕೊಡಿ ಅಂತ ಮೇಲಿನೋರಿಗೆ ಬರೆದೂ ಬರೆದೂ ಸಾಕಾಗಿದೆ ತಾಯಿ," ಎಂದರು.

"ನೀವು ನಿಂತ್ರೆ ಆಗಲ್ವಾ ಸಾಹೇಬ್ರೇ?"

ಅವಳು ಕುಹಕದಿಂದ ಕೇಳಿರಲಿಲ್ಲ. ಇನ್‌ಸ್ಪೆಕ್ಟರ್ ಟೋಪಿ ಹಾಕಿಕೊಂಡು ಹೊರಟುಹೋದರು. ಸ್ವಲ್ಪ ಹೊತ್ತಿಗೆ ಠಾಣೆಯ ಮೂವರು ಏದುಸಿರು ಬಿಡುತ್ತ ಬಂದು ಹೆಗಲು ಕೊಟ್ಟರು.

ಜೀಪ್ ಡ್ರೈವರನೇ ಓಡಿಸುತ್ತಿದ್ದ ಶವದ ಗಾಡಿ, ಅವಳನ್ನೂ ಕೂರಿಸಿಕೊಂಡು, ಠಾಣೆಯ ಮುಂದೆ ಬಂತು. ಗೇಟಿನಲ್ಲಿ ಪಹರೆಯವನ ಬಂದೂಕು ಹಿಡಿದು ಇನ್‌ಸ್ಪೆಕ್ಟರ್ ಒಬ್ಬರೇ ನಿಂತಿದ್ದರು.

"ಇಷ್ಟೇನಾ," ಎಂದಳು ಅವಳು. "ಸಾಹೇಬ್ರು ನಿಂತ್ರೆ ಆಗ್ತಿತ್ತು. ಇಷ್ಟೇ ಇತ್ತಾ."

ಡ್ರೈವರ್ ಗಾಡಿಯನ್ನು ನಿಧಾನ ಮಾಡಿದ. ಬಿಸಿಲಲ್ಲಿ ಇನ್‌ಸ್ಪೆಕ್ಟರ್ ಆಗಲೇ ಒಂದು ಕಾಲು ಸಡಿಲಿಸಿ, ಇನ್ನೊಂದರ ಮೇಲೆ ಭಾರ ಹಾಕುತ್ತಿದ್ದರು.