ಬಾಯ್ಲರಿನ ಮೊದಲ ಬೆಂಕಿ

ಶ್ರೀನಿವಾಸಪುರದ ಮಾವಿನ ರಸದ ಫ್ಯಾಕ್ಟರಿಯಲ್ಲಿ ವೆಂಕಟರತ್ನಮ್ಮ ಬಾಯ್ಲರಿನ ಹೊಗೆಗೂಡಿನ ಬುಡದ ಕಿಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತು ಬೂದಿ ಕೆರೆಯುತ್ತಿದ್ದಳು. ಮೂಗಿಗೆ ಕಟ್ಟಿದ ಸೆರಗು ಕಪ್ಪಾಗಿತ್ತು, ಕಣ್ಣು ಉರಿಯುತ್ತಿತ್ತು. ಹೋದ ಸೀಸನ್ ಮುಗಿದಾಗಲೇ ತೆಗೆಯಬೇಕಿದ್ದ ಬೂದಿ ಅದು. ಕೂಲಿ ದಂಡ ಎಂದು ಮಾಲೀಕ ಮುರಳಿಮೋಹನ್ ತೆಗೆಸಿರಲಿಲ್ಲ. ಮಳೆಗಾಲದಲ್ಲಿ ಅದು ತೇವ ಹೀರಿ ನೀರಿನ ಪೈಪುಗಳಿಗೆ ಮೆತ್ತಿಕೊಂಡಿತ್ತು.

ಸಲಾಕಿ ತಾಗಿದ್ದಷ್ಟೆ, ಪೈಪಿನ ಕಬ್ಬಿಣ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಇಷ್ಟು ಸವೆದ ಪೈಪು ಸ್ಟೀಮ್ ಏರಿದರೆ ಸಿಡಿಯದೆ ಇರದು. ಆ ಬಾಯ್ಲರಿನ ಮುಂದೆ ದಿನವಿಡೀ ನಿಂತು ಬೆಂಕಿ ನೋಡುವವನು ಅವಳ ಗಂಡ ನರಸಿಂಹಪ್ಪ.

"ಹಸಿ ನೀಲಗಿರಿ ತೊಗಟೆ ಬ್ಯಾಡ, ಹೊಗೆ ತಣ್ಣಗಾಗಿ ಬೆವರ್ತದೆ, ಆ ಬೆವರು ಕಬ್ಬಿಣ ತಿಂತದೆ ಅಂತ ಬಡ್ಕೊಂಡೆ," ಎಂದ ಅವನು, ಅವಳು ತಂದು ತೋರಿಸಿದ ಚೂರನ್ನು ನೋಡಿ. "ಅಗ್ಗಕ್ಕೆ ಸಿಗ್ತದಲ್ಲ, ಅದನ್ನೇ ಹಾಕ್ಸಿದ್ರು. ನೀನ್ ಸುಮ್ನಿರೇ, ಕೆಲ್ಸ ಹೋಗ್ತದೆ."

ಅವಳು ಸುಮ್ಮನಿರಲಿಲ್ಲ. ಆ ಚೂರನ್ನು ಒಯ್ದು ಮಾಲೀಕನ ಮುಂದೆ ಹಿಡಿದಳು.

"ಇದೊಂದ್ ಸೀಸನ್ ತಡೀತದೆ ಕಣಮ್ಮ, ಗಟ್ಟಿಯಾಗೈತೆ. ಹಣ್ಣಿನ ಲಾರಿಗಳು ಬಂದು ನಿಂತವೆ. ಪೈಪು ಆಮೇಲೆ ನೋಡಾಣ," ಎಂದ ಆ ಪುಣ್ಯಾತ್ಮ.

ಮರುದಿನ ಪೂಜೆ. ಸೀಸನ್ನಿನ ಮೊದಲ ಬೆಂಕಿ ಮಾಲೀಕನ ಕೈಯಿಂದಲೇ ಹೊತ್ತಬೇಕೆಂಬುದು ಅಲ್ಲಿಯ ಪದ್ಧತಿ. ಬಾಯ್ಲರಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದರು. ಮುರಳಿಮೋಹನ್ ಕರ್ಪೂರ ಹಚ್ಚಿ ಒಲೆಯೊಳಗಿಟ್ಟ. ಸೌದೆ ಹೊತ್ತಿದ್ದೇ ತಡ, ಗೇಟಿನ ಕಡೆ ಹೊರಟ.

"ಎಲ್ಲೋಗ್ತೀರ ಸಾರ್? ಸ್ಟೀಮ್ ಏರೋಗಂಟ ಇಲ್ಲೇ ನಿಂತ್ಕಳಿ," ಎಂದಳು ವೆಂಕಟರತ್ನಮ್ಮ.

"ನಂಗೇನಮ್ಮ ಕೆಲ್ಸ ಇಲ್ಲಿ?"

"ಕೆಲ್ಸ ಏನಿಲ್ಲ. ಗಟ್ಟಿಯಾಗೈತೆ ಅಂದ್ರಲ್ಲ. ನನ್ ಗಂಡ ದಿನಾ ನಿಲ್ತಾನೆ, ನೀವ್ ಒಂದ್ ಗಳಿಗೆ ನಿಂತ್ಕಳಿ."

ಪೂಜೆಗೆ ಸೇರಿದ್ದ ಕೆಲಸದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಒಳಗೆ ಸೌದೆ ಚಟಚಟ ಎಂದಿತು. ಅವನು ಬೆಚ್ಚಿ ಹೆಜ್ಜೆ ಹಿಂದಿಟ್ಟ.

"ತಲೆ ಕೆಟ್ಟೈತೇನಮ್ಮ ನಿಂಗೆ? ಲೇ ನರಸಿಂಹಪ್ಪ, ಬೆಂಕಿ ನೋಡ್ಕೋ," ಎನ್ನುತ್ತ ದಾಪುಗಾಲು ಹಾಕಿ, ಗೇಟಿನಾಚೆ ಕಾರಿನ ಹಿಂದೆ ಹೋಗಿ ನಿಂತ.

ನರಸಿಂಹಪ್ಪ ಹೆಂಡತಿಯನ್ನು ನೋಡಿದ. ಮಾಲೀಕ ನಿಂತ ಜಾಗವನ್ನೂ ನೋಡಿದ. ಆಮೇಲೆ ಸಲಾಕಿ ತೆಗೆದುಕೊಂಡು ಉರಿಯುವ ಸೌದೆಯನ್ನೆಲ್ಲ ಹೊರಗೆಳೆದು ನೀರು ಸುರಿದ. ವೆಂಕಟರತ್ನಮ್ಮ ಬೂದಿಯ ಮಂಕರಿಯನ್ನು ಕೆಳಗಿಟ್ಟು ಗೇಟಿನ ಕಡೆ ನಡೆದಳು. ನರಸಿಂಹಪ್ಪ, ಹಣ್ಣು ಆರಿಸುವ ಹೆಂಗಸರು, ಸೌದೆ ಹೊರುವವರು, ಎಲ್ಲರೂ ಹಿಂದೆಯೇ ಬಂದರು. ಬಂದು ಕಾರಿನ ಹಿಂದೆ ಅವನ ಸುತ್ತ ಒತ್ತಾಗಿ ನಿಂತರು.

"ಯಾಕ್ರೋ ಎಲ್ಲಾ ಇಲ್ಲಿಗ್ ಬಂದ್ರಿ?"

"ಸಾಯದಂಗೆ ನಿಂತ್ಕಳಾಕೆ ಜಾಗ ಯಾವ್ದು ಅಂತ ನೀವೇ ತೋರ್ಸಿದ್ರಲ್ಲ ಸಾರ್," ಎಂದ ನರಸಿಂಹಪ್ಪ. "ಹೊಸ ಪೈಪು ಬರೋಗಂಟ ನಾವೂ ಇಲ್ಲೇ ನಿಂತ್ಕಂತೀವಿ."