ಒಂದು ಚೌಕದ ಮಾರ್ಜಿನ್

ಎರಡು ಗೆರೆಗಳು ಅಚ್ಚುಕಟ್ಟಾಗಿಯೇ ಕೂಡಿದ್ದವು, ಆದರೆ ಕೂಡಬಾರದ ಜಾಗದಲ್ಲಿ. ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಮೂರು. ಎಕ್ಸ್, ವೈ ಕೂಡಿಸಿದರೆ ಐದು ಬರಬೇಕೆಂದು ಪ್ರಶ್ನೆಪತ್ರಿಕೆ ಹೇಳುತ್ತಿತ್ತು; ಇಲ್ಲಿ ಏಳು ಬರುತ್ತಿತ್ತು. ಎಕ್ಸ್‌ನಲ್ಲಿ ವೈ ಕಳೆದರೆ ಒಂದು ಬರಬೇಕು, ಅದೊಂದು ಸರಿಯಾಗಿತ್ತು.

ಗಾರ್ಮೆಂಟ್ಸ್‌ನಲ್ಲಿ ಹದಿನೆಂಟು ವರ್ಷ ಬಟ್ಟೆ ಕತ್ತರಿಸಿದ ಹೆಂಗಸು ಹತ್ತನೇ ತರಗತಿಯ ಗಣಿತಕ್ಕೆ ಕೂತದ್ದು ಇದು ಮೂರನೆಯ ಸಲ. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಇದೊಂದು ದಾಟಿದರೆ ಕಟಿಂಗ್ ವಿಭಾಗದ ಉಸ್ತುವಾರಿ ಅವಳದು. ಇಲ್ಲವಾದರೆ, ತಾನೇ ಕತ್ತರಿ ಹಿಡಿಯಲು ಕಲಿಸಿದ ಹುಡುಗಿಯ ಕೈಕೆಳಗೆ ದುಡಿಯಬೇಕು. ಹುಡುಗಿಯ ಮೇಲೆ ಸಿಟ್ಟಿರಲಿಲ್ಲ. ಆದರೂ ಅದನ್ನು ನೆನೆದರೆ ಮೈ ಉರಿಯುತ್ತಿತ್ತು.

"ಮೇಡಂ, ಇನ್ನೊಂದು ಗ್ರಾಫ್ ಹಾಳೆ ಕೊಡ್ತೀರಾ?"

"ಒಬ್ಬರಿಗೆ ಒಂದೇ ಹಾಳೆ ಅಮ್ಮಾ. ಇನ್ನು ಕಾಲು ಗಂಟೆ ಇದೆ, ಇರೋದ್ರಲ್ಲೇ ಸರಿ ಮಾಡ್ಕೊಳ್ಳಿ," ಎಂದರು ಕೊಠಡಿಯ ಮೇಲ್ವಿಚಾರಕಿ.

ಬೆರಳಿಟ್ಟು ಚೌಕಗಳನ್ನು ಮೊದಲಿನಿಂದ ಎಣಿಸಿದಳು. ಮೊದಲ ಬಿಂದು ವೈ ಅಕ್ಷದ ಗೆರೆಯ ಮೇಲೆಯೇ, ಐದರ ಎದುರು ಇರಬೇಕಿತ್ತು. ಅವಳದು ಒಂದು ಚೌಕ ಒಳಗೆ, ಒಂದು ಚೌಕ ಮೇಲೆ. ಉಳಿದ ಮೂರರ ಕಥೆಯೂ ಅದೇ. ಅಂಚಿನಿಂದ ಹೊಲಿಗೆಗೆಂದು ಬಟ್ಟೆ ಬಿಟ್ಟೇ ಗುರುತು ಹಾಕುವ ಕೈ, ಗ್ರಾಫ್ ಹಾಳೆಗೂ ಮಾರ್ಜಿನ್ ಬಿಟ್ಟಿತ್ತು!

"ಇದನ್ನ ಯಾರು ಹೊಲೀತಾರೆ, ದಡ್ಡಿ!"

"ಏನಂದ್ರಿ?" ಮೇಲ್ವಿಚಾರಕಿ ತಿರುಗಿ ನೋಡಿದರು.

"ಏನಿಲ್ಲ ಮೇಡಂ, ನನಗೆ ನಾನೇ ಬೈಕೊಂಡೆ."

ಎರಡನೆಯ ಗೆರೆಯನ್ನು ಮುಟ್ಟಬೇಕಾಗಿರಲಿಲ್ಲ. ಅಡ್ಡಕ್ಕೂ ಮೇಲಕ್ಕೂ ಒಂದೊಂದೇ ಚೌಕ ಸರಿದದ್ದರಿಂದ, ಕಳೆದರೆ ಬರುವ ಒಂದು ಒಂದೇ ಆಗಿ ಉಳಿದಿತ್ತು. ಮೊದಲನೆಯದನ್ನು ಮಾತ್ರ ಅಳಿಸಿದಳು. ಪೆನ್ಸಿಲನ್ನು ಅಂಚಿನ ಗೆರೆಯ ಮೇಲೇ ಇಡಲು ಹೋದರೆ ಕೈ ಒಪ್ಪಲಿಲ್ಲ. ಅಂಚಿನಲ್ಲಿ ಗುರುತು ಹಾಕಿದವರಿಗೆಲ್ಲ ಚೆನ್ನಾಗಿ ಉಗಿದವಳ ಕೈ ಅದು. ಹಲ್ಲು ಕಚ್ಚಿ ಒತ್ತಿದಳು: ಮೇಲೆ ಐದರಲ್ಲಿ ಒಂದು ಚುಕ್ಕೆ, ಅಡ್ಡಕ್ಕೆ ಐದರಲ್ಲಿ ಇನ್ನೊಂದು. ಸ್ಕೇಲಿಟ್ಟು ಉಸಿರು ಬಿಗಿಹಿಡಿದು ಗೆರೆ ಎಳೆದಳು.

ಮೂರು, ಎರಡು. ಕೂಡಿಸಿದರೆ ಐದು, ಕಳೆದರೆ ಒಂದು. ಮತ್ತೊಮ್ಮೆ ಕೂಡಿಸಿದಳು, ಮತ್ತೊಮ್ಮೆ ಕಳೆದಳು. ಉತ್ತರ ಬರೆದು ಕೆಳಗೆ ಎರಡು ಸಲ ಗೀರು ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು.

ಮೇಲ್ವಿಚಾರಕಿ ಹಾಳೆ ಎತ್ತಿ ನೋಡಿದರು. "ಅಳಿಸಿದ ಗೆರೆ ಹಾಗೇ ಕಾಣ್ತಿದೆಯಲ್ರೀ."

"ಕಾಣಲಿ ಬಿಡಿ ಮೇಡಂ. ಅಳತೆ ಸರಿಯಾಗಿದೆ."

ಹಾಳೆ ಕಟ್ಟಿನೊಳಗೆ ಸೇರಿ ಬಾಗಿಲಾಚೆ ಹೋಯಿತು. ಅವಳ ಬೆರಳುಗಳು ಇನ್ನೂ ಪೆನ್ಸಿಲನ್ನು ಬಿಗಿಯಾಗಿ ಹಿಡಿದೇ ಇದ್ದವು.